ಐದು ಪಂಚಮಿಯ ಕೊಬ್ಬರಿ-ಕುಬಸ

ತಿಕೋಟಾದ ಕೆಳಗಿನ ಓಣಿಯಲ್ಲಿ ತಂಟೆ ಹತ್ತಿದರೆ ಎರಡೂ ಕಡೆಯವರು ಕೊನೆಗೆ ಶಂಕ್ರೆವ್ವನ ಕಟ್ಟೆಗೆ ಬಂದು ಕೂಡುತ್ತಿದ್ದರು. ಯಾರ ಎಮ್ಮೆ ಯಾರ ಜೋಳಕ್ಕೆ ಬಾಯಿ ಹಾಕಿತು, ಯಾರ ಗೋಡೆ ಯಾರ ಜಾಗದೊಳಗೆ ಎಷ್ಟು ಗೇಣು ಸರಿಯಿತು ಎಂಬುದನ್ನು ಆಕೆ ಕಂಡಷ್ಟನ್ನೇ ಹೇಳುವಳು. ಕಾಣದ್ದನ್ನು ಕಂಡಿಲ್ಲವೆಂದೇ ಹೇಳುವಳು. “ಶಂಕ್ರವ್ವ ಅಂದಾಳಂದ್ರ ಮುಗೀತು” ಎಂಬುದು ಓಣಿಯಲ್ಲಿ ಗಾದೆಯಂತೆ ನಡೆಯುತ್ತಿದ್ದ ಮಾತು. 1931ನೆಯ ಇಸವಿಯಲ್ಲಿ ಗಂಡ ತೀರಿಕೊಂಡಾಗ ಆಕೆಗೆ ಉಳಿದದ್ದು ಏಳು ವರ್ಷದ ಒಬ್ಬಳೇ ಮಗಳು ಗುರುಬಾಯಿ, ಎರಡು ಎಮ್ಮೆ, ಮತ್ತು ಐದೆಕರೆ ಎರೆಭೂಮಿ. ಭೂಮಿಯನ್ನು ಗಂಡನ ಅಣ್ಣ ಗೊಲ್ಲಾಳಪ್ಪ ಪಾಲಿಗೆ ಮಾಡಿದ. ಎಮ್ಮೆಗಳನ್ನು ಶಂಕ್ರೆವ್ವ ತಾನೇ ನೋಡಿಕೊಂಡಳು. ವಾರಕ್ಕೊಮ್ಮೆ ಹನ್ನೆರಡು ಮೈಲು ದೂರದ ವಿಜಾಪುರಕ್ಕೆ ಬೆಣ್ಣೆ ಒಯ್ದು ಕೊಟ್ಟು ಬರುತ್ತಿದ್ದಳು. ಅಲ್ಲಿನ ಗಿರಾಕಿಗಳು ಬೇರೆಯವರ ಬೆಣ್ಣೆಯನ್ನು ಮೂಸಿ ನೋಡುತ್ತಿದ್ದರು. ಆಕೆಯದನ್ನು ಹಾಗೆಯೇ ಒಳಗೆ ಒಯ್ಯುತ್ತಿದ್ದರು.

ಇಂಥವಳು ಒಂದು ಸುಳ್ಳು ಹೇಳಿದಳು. ಒಂದೇ ಸುಳ್ಳು; ಆದರೆ ಅದನ್ನು ಐದು ವರ್ಷ ಹೇಳಿದಳು.

ಗುರುಬಾಯಿಯ ಮದುವೆಯಾದದ್ದು 1940ನೆಯ ಇಸವಿ ಮೇ 13, ಸೋಮವಾರ. ವರ ಬಬಲೇಶ್ವರದ ಶಿವಶರಣಪ್ಪನ ಹಿರಿಯ ಮಗ ರೇವಪ್ಪ. ಉಂಡುಟ್ಟು ಮಿಗುವ ಮನೆತನ. ಮಾನವೆಂದರೆ ಶಿವಶರಣಪ್ಪನಿಗೆ ಊಟಕ್ಕಿಂತ ಒಂದು ತುತ್ತು ಹೆಚ್ಚು. ಮೂರು ವರ್ಷ ಸಂಸಾರ ನಡೆಯಿತು. 1943ರ ಫೆಬ್ರುವರಿಯಲ್ಲಿ ರೇವಪ್ಪ ಒಕ್ಕಲುತನ ಸಾಕೆಂದು ಸೊಲ್ಲಾಪುರಕ್ಕೆ ಹೋಗಿ ಗಿರಣಿ ಸೇರಿದ. ಹೆಂಡತಿಯನ್ನು ಕರೆದೊಯ್ಯಲಿಲ್ಲ, ಕರೆಯುವೆನೆಂದೂ ಹೇಳಲಿಲ್ಲ. ಮಾರ್ಚ್ 9ರಂದು ಶಿವಶರಣಪ್ಪನ ಮನೆಯ ಚಕ್ಕಡಿ ಗುರುಬಾಯಿಯನ್ನೂ ಆಕೆಯ ತಗಡಿನ ಟ್ರಂಕನ್ನೂ ತಿಕೋಟಾದಲ್ಲಿ ಇಳಿಸಿ, ಎತ್ತಿಗೆ ನೀರು ಕೂಡ ಕುಡಿಸದೆ ಹಿಂತಿರುಗಿತು. ಅಂದು ಮಂಗಳವಾರ. ಮಂಗಳವಾರ ಮತ್ತು ಶುಕ್ರವಾರ ಮನೆಯ ಹೆಣ್ಣನ್ನು ಹೊಸ್ತಿಲು ದಾಟಿಸುವ ರೂಢಿ ಆ ಸೀಮೆಯಲ್ಲಿಲ್ಲ. ಆ ವಾರವನ್ನು ನೋಡಿಯೇ ಶಂಕ್ರೆವ್ವನಿಗೆ ಅರ್ಧ ತಿಳಿಯಿತು. ಉಳಿದರ್ಧ ತಿಳಿಯುವುದು ಬೇಡವೆಂದು ಆಕೆ ಮಗಳನ್ನು ಏನೂ ಕೇಳಲಿಲ್ಲ.

ಐದು ತಿಂಗಳು ಕಳೆದು ಶ್ರಾವಣ ಬಂತು. ಪಂಚಮಿಗೆ ತವರಿಗೆ ಬಂದ ಸೊಸೆಗೆ ಗಂಡನ ಮನೆಯವರು ಕೊಬ್ಬರಿ ಬಟ್ಟಲು, ರವಿಕೆಗೆ ಕುಬಸದ ಖಣ, ಅನುಕೂಲವಿದ್ದರೆ ಸೀರೆ ಕಳಿಸಿಕೊಡಬೇಕು. ಇದಕ್ಕೆ ಕೊಬ್ಬರಿ-ಕುಬಸವೆಂದು ಹೆಸರು. ಅದು ಬಂದರೆ ಹೆಣ್ಣು ತವರಿಗೆ ಬಂದವಳು. ಬಾರದಿದ್ದರೆ ತವರಿಗೆ ಬಿದ್ದವಳು. ಪಂಚಮಿಯ ದಿನ ಬೇವಿನ ಮರದ ಜೋಕಾಲಿಯ ಬಳಿ ಓಣಿಯ ಹೆಣ್ಣುಮಕ್ಕಳೆಲ್ಲ ಕೂಡಿದ್ದಾಗ ಎದುರುಮನೆಯ ತಾಯವ್ವ ಕೇಳಿಯೇಬಿಟ್ಟಳು.

“ಬಂತೇನಬೇ ಶಂಕ್ರವ್ವಾ, ಬಬಲೇಶ್ವರದಿಂದ ಕೊಬ್ಬರಿ-ಕುಬಸ? ಇಲ್ಲಾ, ನಿಮ್ಮ ಬೀಗರು ಈಗ ತೆಂಗಿನ ಗಿಡಾ ಹಚ್ಚಿ, ಅದು ಕಾಯಿ ಬಿಡೂ ದಾರಿ ನೋಡಾಕತ್ತಾರೋ?”

ಹೆಂಗಸರು ನಕ್ಕರು. ಗುರುಬಾಯಿ ಜೋಕಾಲಿಯ ಹಗ್ಗ ಹಿಡಿದು ತಲೆ ತಗ್ಗಿಸಿ ನಿಂತಿದ್ದಳು.

“ಬಂದೈತಿ,” ಎಂದಳು ಶಂಕ್ರೆವ್ವ. “ನಸಕಿನ್ಯಾಗ ಬಂದು ಕೊಟ್ಟು ಹೋದ್ರು. ಹಬ್ಬದ ಗಡಿಬಿಡ್ಯಾಗ ಇನ್ನೂ ಗಂಟ ಬಿಚ್ಚಿಲ್ಲ.”

ಮನೆಯಲ್ಲಿ ಒಂದು ಸೀರೆ ಇದ್ದದ್ದು ನಿಜ. ತವರಿನಿಂದ ಮಗಳಿಗೆ ಉಡಿಸಬೇಕೆಂದು ಆಕೆಯೇ ಹಿಂದಿನ ವಾರ ವಿಜಾಪುರದಲ್ಲಿ ಕೊಂಡು ತಂದಿದ್ದಳು. ಓಣಿಯ ಬಾಯಿ ಮುಚ್ಚಿಸಲು ಒಂದು ಮಾತು ಆಡಿದರಾಯಿತು, ಮನೆಗೆ ಹೋದ ಮೇಲೆ ಮಗಳಿಗೆ ನಿಜ ಹೇಳಿದರಾಯಿತು ಎಂದುಕೊಂಡಿದ್ದಳು. ಆದರೆ ಗುರುಬಾಯಿ ಆ ಕ್ಷಣವೇ ತಲೆ ಎತ್ತಿದಳು. ಮಾರ್ಚ್ ತಿಂಗಳಿಂದ ಆ ಮುಖದಲ್ಲಿ ಕಾಣದಿದ್ದ ಬೆಳಕು ಕಂಡಿತು. “ಅತ್ತಿ ಕಳಿಸ್ಯಾಳೇನವ್ವಾ?” ಎಂದು ಆಕೆ ಕೇಳಿದಾಗ, ಶಂಕ್ರೆವ್ವನಿಗೆ ಹೌದೆನ್ನದೆ ಗತಿ ಇರಲಿಲ್ಲ. ಮನೆಗೆ ಹೋದ ಮೇಲೂ ನಿಜ ಹೇಳುವುದಾಗಲಿಲ್ಲ.

ಮರುವರ್ಷ ಅದೇ ಪ್ರಶ್ನೆ ಬರುವುದೆಂದು ಗೊತ್ತಿತ್ತು. ವಿಜಾಪುರದ ಇಬ್ರಾಹಿಂಪುರದಲ್ಲಿ ರೈಲು ಹಳಿಯ ಸಮೀಪ ಮನೆ ಮಾಡಿಕೊಂಡು, ಸೀರೆಯ ಗಂಟು ಹೊತ್ತು ಓಣಿ ಓಣಿ ತಿರುಗಿ ಮಾರುತ್ತಿದ್ದ, ಮೊದಲ ಸೀರೆಯನ್ನೂ ಕೊಟ್ಟಿದ್ದ ಫಕ್ರುದ್ದೀನನ ಬಳಿಗೆ ಶಂಕ್ರೆವ್ವ ಹಬ್ಬಕ್ಕೆ ಮೊದಲೇ ಹೋದಳು. ಸೀರೆ ಆರಿಸಿ, ಯಾತಕ್ಕೆಂದೂ ಹೇಳಿ, “ಈ ಮಾತ ನಿನ್ನ ಹೊಟ್ಟ್ಯಾಗ ಇರ್ಲಿ ತಮ್ಮಾ” ಎಂದಳು.

“ನನ್ನ ಗಂಟಿನ್ಯಾಗ ಸೀರಿ ಅದಾವ ಅಕ್ಕಾರ, ಮಾತ ಇಲ್ಲ,” ಎಂದ ಫಕ್ರುದ್ದೀನ. “ಮಾತ ಮಾರಾಂವ ಆಗಿದ್ರ ಇಷ್ಟೊತ್ತಿಗೆ ಮಾಡೀಮನಿ ಕಟ್ಟಸ್ತಿದ್ದೆ.”

ಹೀಗೆ 1943, 1944, 1945, 1946, 1947: ಐದು ಪಂಚಮಿ, ಐದು ಸೀರೆ. ಪ್ರತಿ ವರ್ಷವೂ ನಸುಕಿನಲ್ಲಿ ಬಂದು ಹೋದ, ಯಾರೂ ಕಾಣದ ಒಬ್ಬ ಆಳು. ಶಂಕ್ರೆವ್ವ ಹೇಳಿದಳೆಂದ ಮೇಲೆ ಆತನನ್ನು ಕಣ್ಣಾರೆ ಕಾಣಬೇಕೆಂದು ಯಾರಿಗೂ ಅನಿಸಲಿಲ್ಲ. ಸಂತೆಯಲ್ಲಿ ಭೇಟಿಯಾದ ತಿಕೋಟಾದವರು ಶಿವಶರಣಪ್ಪನಿಗೆ, “ಏನಂದ್ರೂ ನಿಮ್ಮ ಮನಿ ರೀತಿ ಬಿಟ್ಟಿಲ್ಲ ಬಿಡ್ರಿ” ಎನ್ನುತ್ತಿದ್ದರು. ಆತ ಮೀಸೆಯ ಮೇಲೆ ಕೈಯಾಡಿಸಿ ಸುಮ್ಮನಾಗುತ್ತಿದ್ದ. ತನ್ನ ಹೆಂಡತಿ ತನಗೆ ಹೇಳದೆ ಕಳಿಸುತ್ತಿರಬೇಕೆಂದು ಆತ ನಂಬಿದ್ದ. ಆ ಹೆಣ್ಣುಮಗಳು 1947ರ ಡಿಸೆಂಬರಿನಲ್ಲಿ ತೀರಿಕೊಂಡಳು. ಕೇಳಿ ತಿಳಿಯುವ ದಾರಿಯೂ ಮುಚ್ಚಿತು.

1948ರ ಏಪ್ರಿಲಿನಲ್ಲಿ ಕಾಖಂಡಕಿಯಿಂದ ಒಂದು ಕೇಳಿಕೆ ಬಂತು. ಹೆಂಡತಿಯನ್ನು ಕಳೆದುಕೊಂಡಿದ್ದ ಪರಸಪ್ಪನೆಂಬ ಒಕ್ಕಲಿಗ, ಗಂಡನಿಂದ ಬಿಡುಗಡೆಯಾಗುವುದಿದ್ದರೆ ಗುರುಬಾಯಿಯನ್ನು ಉಡಿಕೆ, ಎಂದರೆ ಎರಡನೆಯ ಮದುವೆ, ಮಾಡಿಕೊಳ್ಳುವೆನೆಂದು ಗೊಲ್ಲಾಳಪ್ಪನ ಮುಖಾಂತರ ಹೇಳಿ ಕಳಿಸಿದ್ದ. ಆಗ ಗುರುಬಾಯಿಗೆ ಇಪ್ಪತ್ನಾಲ್ಕು ವರ್ಷ. ಆಕೆ ಜೋಳ ಹಸನು ಮಾಡುತ್ತಿದ್ದವಳು ಮೊರದಿಂದ ಕಣ್ಣೆತ್ತದೆ ಹೇಳಿದಳು.

“ಬ್ಯಾಡವ್ವ. ಅವರು ನನ್ನ ಪೂರಾ ಮರ್ತಿಲ್ಲ. ಮರ್ತಿದ್ರ ವರ್ಷಾ ಸೀರಿ ಯಾಕ ಕಳಸ್ತಿದ್ರು? ಇವತ್ತಿಲ್ಲಾ ನಾಳೆ ಕರಿಯಾಕ ಬರ್ತಾರ.”

ಶಂಕ್ರೆವ್ವ ಕಡೆಗೋಲು ಹಿಡಿದು ನಿಂತಿದ್ದಳು. ಓಣಿಯ ಬಾಯಿಗೆ ಹಾಕಿದ ಬೀಗದೊಳಗೆ ಮಗಳೇ ಕುಳಿತಿದ್ದಾಳೆಂಬುದು ಆಕೆಗೆ ಅಂದು ಕಂಡಿತು. ಕಂಡರೂ ಬೀಗ ತೆಗೆಯುವ ಧೈರ್ಯ ಬರಲಿಲ್ಲ. ಬಾಗಿಲನ್ನೇ ಬೇರೆ ಕಡೆಯಿಂದ ತೆರೆದರೆ ಹೇಗೆಂದು ಯೋಚಿಸಿದಳು. ಏಪ್ರಿಲ್ 25, ಭಾನುವಾರ, ಗೊಲ್ಲಾಳಪ್ಪನನ್ನೂ ಇಬ್ಬರು ಹಿರಿಯರನ್ನೂ ಬಬಲೇಶ್ವರಕ್ಕೆ ಕಳಿಸಿ ಸೋಡಚೀಟಿ ಕೇಳಿಸಿದಳು. ಗಂಡ ತಾನಾಗಿ ಬರೆದುಕೊಡುವ ಬಿಡುಗಡೆಯ ಪತ್ರಕ್ಕೆ ಆ ಕಡೆ ಸೋಡಚೀಟಿ ಎನ್ನುತ್ತಾರೆ.

ಗೊಲ್ಲಾಳಪ್ಪ ಸಂಜೆ ಬಂದು ರುಮಾಲು ಬಿಚ್ಚಿ ಕೊಡವಿದ. “ಶಿವಶರಣಪ್ಪ ಏನಂದ ಗೊತ್ತೇನ? ‘ನಮ್ಮ ಮನ್ಯಾಗ ಯಾರೂ ಸೋಡಚೀಟಿ ಬರದಿಲ್ಲ, ನಾವೂ ಬರಿಯೂದಿಲ್ಲ. ಹೆಂಡತಿನ್ನ ಬಿಟ್ಟ ಮನಿ ಅಂತ ಹೆಸರ ಬಂದ್ರ ನನ್ನ ಕಿರೀ ಮಗಗ ಹೆಣ್ಣ ಕೊಡವ್ರ ಯಾರು?’ ಅಂದ. ಹಂಗಾರ ಕರಕೊಂಡ್ ಹೋಗ್ರಿ ಅಂದೆ. ‘ಮಗ ಸೊಲ್ಲಾಪುರದಿಂದ ಬಂದಾಗ ನೋಡೂಣು’ ಅಂದ. ಬಿಡೂದೂ ಇಲ್ಲ, ಇಟಗೊಳ್ಳೂದೂ ಇಲ್ಲ. ಹಗ್ಗಾ ಹಾಕಿ ಮೇಯಾಕ ಬಿಟ್ಟಾರ ನಮ್ಮ ಕೂಸಿನ್ನ.”

ಗುರುಬಾಯಿ ಈ ಮಾತನ್ನು ಒಳಗಿನಿಂದ ಕೇಳಿದಳು. ಮೂರನೆಯ ದಿನ, “ಬ್ಯಾರೆ ದಾರಿ ಇದ್ರ ನೋಡವ್ವ” ಎಂದಳು.

ದಾರಿ ತೋರಿಸಿದವರು ವಿಜಾಪುರದ ಗುರುಪಾದಯ್ಯ ವಕೀಲರು. ಅವರ ಮನೆಗೆ ಶಂಕ್ರೆವ್ವನದೇ ಬೆಣ್ಣೆ ಹೋಗುತ್ತಿತ್ತು. ಹಿತ್ತಲ ಬಾಗಿಲಿಗೆ ಬರುತ್ತಿದ್ದವಳು ಜೂನ್ 7, ಸೋಮವಾರ, ಮೊದಲ ಸಲ ಮುಂಬಾಗಿಲಿನಿಂದ ಒಳಗೆ ಬಂದಳು. ವಕೀಲರು ಕುರ್ಚಿ ತೋರಿಸಿದರೂ ತಾಯಿ-ಮಗಳು ಜಮಖಾನೆಯ ಅಂಚಿಗೆ ಕುಳಿತರು.

“ನೋಡವ್ವಾ,” ಎಂದರು ಗುರುಪಾದಯ್ಯನವರು, “ಮೊದಲೆಲ್ಲಾ, ಗಂಡ ಸೋಡಚೀಟಿ ಕೊಟ್ರ ಬಿಡುಗಡಿ, ಕೊಡದಿದ್ರ ಇಲ್ಲ, ಅಷ್ಟ ಇತ್ತು. ಹೋದ ವರ್ಷ, 1947ರಾಗ, ಮುಂಬೈ ಸರಕಾರ ಕಾಯ್ದೆ ಮಾಡೇತಿ. ಗಂಡ ಕಾರಣ ಇಲ್ಲದ ನಾಲ್ಕ ವರ್ಷ ಬಿಟ್ಟೂಬಿಡದ ಕೈಬಿಟ್ಟಿದ್ರ, ಹೆಣ್ಣಮಗಳು ತಾನ ಕೋರ್ಟಿಗೆ ಬಂದು ಬಿಡುಗಡಿ ಕೇಳಬಹುದು. ಆದ್ರ ನಾಲ್ಕ ವರ್ಷ ಅಂದ್ರ ಪೂರಾ ನಾಲ್ಕ ವರ್ಷ. ಆಕಿ ಬಂದದ್ದು ಯಾವಾಗ?”

“ಮಂಗಳವಾರ ಬಂದಾಳ್ರಿ,” ಎಂದಳು ಶಂಕ್ರೆವ್ವ. “ಹೋಳಿ ಹುಣ್ಣಿವಿ ಹತ್ರ ಇತ್ರಿ.”

ವಕೀಲರು ಹಳೆಯ ಪಂಚಾಂಗ ತರಿಸಿ, ಗೊಲ್ಲಾಳಪ್ಪ ಅದೇ ದಿನ ತಿಕೋಟಾದ ಚಾವಡಿಯಲ್ಲಿ ಒಂದು ಪತ್ರಕ್ಕೆ ಸಹಿ ಹಾಕಿದ್ದನೆಂಬುದನ್ನು ಹಿಡಿದು, ತಾರೀಖು 9-3-1943 ಎಂದು ಗೊತ್ತು ಮಾಡಿದರು. ಆಮೇಲೆ ಕೇಳಿದರು: “ಅಂದಿನಿಂದ ರೇವಪ್ಪ ಒಮ್ಮೆರ ಬಂದಿದ್ದನೇನು? ಕಾಗದ, ಮನಿಆರ್ಡರ್ ಏನರ ಬಂದಿತ್ತೇನು?”

“ಇಲ್ರಿ,” ಎಂದರು ಇಬ್ಬರೂ. ಅದು ಸತ್ಯವೇ ಆಗಿತ್ತು.

ಜುಲೈ 12, ಸೋಮವಾರ, ವಿಜಾಪುರದ ದಿವಾಣಿ ಕೋರ್ಟಿನಲ್ಲಿ ಅರ್ಜಿ ದಾಖಲಾಯಿತು. ಆ ವರ್ಷದ ಪಂಚಮಿಗೆ ಶಂಕ್ರೆವ್ವ ಸೀರೆ ತರಲಿಲ್ಲ. “ಈ ವರ್ಷ ಬರಲಿಲ್ಲ” ಎಂದು ಗುರುಬಾಯಿ ಮೆಲ್ಲಗೆ ಅಂದಾಗ, “ಕೋರ್ಟಿಗೆ ಹೋದ ಮ್ಯಾಲ ಯಾರ ಕಳಸ್ತಾರ” ಎಂದಳು. ಆರನೆಯ ಸಲವೂ ಸುಳ್ಳೇ. ಸೆಪ್ಟೆಂಬರಿನಲ್ಲಿ ಗಡಿಯಾಚೆ ನಿಜಾಮನ ಸೀಮೆಯ ಗದ್ದಲದಿಂದ ಮೋಟಾರುಗಳು ನಿಂತವು, ಕೋರ್ಟಿನ ತಾರೀಖುಗಳು ಮುಂದೆ ಹೋದವು. ಎದುರುಪಕ್ಷದ ಕೈಫಿಯತ್ತು, ಎಂದರೆ ಲಿಖಿತ ಉತ್ತರ, ಗುರುಪಾದಯ್ಯನವರ ಕೈಸೇರಿದ್ದು ನವೆಂಬರ್ 22, ಸೋಮವಾರ. ಅದನ್ನು ಅವರು ತಾಯಿ-ಮಗಳ ಮುಂದೆ ಕನ್ನಡದಲ್ಲಿ ಬಿಡಿಸಿ ಓದಿದರು. ಅರ್ಜಿದಾರಳು ನಮ್ಮ ಒಪ್ಪಿಗೆಯಿಂದಲೇ ತವರಿನಲ್ಲಿದ್ದಾಳೆ. ಆಕೆಯನ್ನು ನಾವು ಬಿಟ್ಟಿಲ್ಲ. ಪ್ರತಿ ವರ್ಷ ಪಂಚಮಿಗೆ ನಮ್ಮ ಮನೆಯಿಂದ ಸೀರೆ, ಕೊಬ್ಬರಿ-ಕುಬಸ ತಪ್ಪದೆ ಹೋಗಿದೆ. ಇದಕ್ಕೆ ತಿಕೋಟಾದ ಓಣಿಯೇ ಸಾಕ್ಷಿ.

“ನೋಡ್ರಿ, ಹೆಂಥಾ ಸುಳ್ಳ ಬರಸ್ಯಾರ,” ಎಂದು ವಕೀಲರು ನಗುತ್ತ ತಲೆ ಎತ್ತಿದರು.

“ಇಲ್ರಿ,” ಎಂದಳು ಗುರುಬಾಯಿ. “ಅದು ಖರೇ ಐತ್ರಿ. ಐದೂ ವರ್ಷ ಬಂದಾವ.”

ವಕೀಲರು ಕನ್ನಡಕ ತೆಗೆದು ಕೆಳಗಿಟ್ಟರು. “ಇದನ್ನ ಮೊದಲ ಯಾಕ ಹೇಳಲಿಲ್ಲ?”

“ನೀವು ಕಾಗದ ಬಂದೈತೇನು ಅಂತ ಕೇಳಿದ್ರಿ. ಸೀರಿ ಬಂದೈತೇನು ಅಂತ ಕೇಳಲಿಲ್ರಿ.”

“ನಾಳೆ ಕಟಕಟೆದಾಗ ನಿಂತಾಗ ಅವರ ವಕೀಲ ಕೇಳತಾನ. ಆವಾಗ ಏನ್ ಹೇಳ್ತಿ?”

“ಬಂದಾವ ಅಂತ ಹೇಳ್ತೀನ್ರಿ. ಪ್ರಮಾಣ ಮಾಡಿ ಸುಳ್ಳ ಹೇಳಾಕ ಆಗತೈತೇನ್ರಿ? ನಮ್ಮವ್ವ ಹಂಗ ಕಲಿಸಿಲ್ಲ.”

ಗುರುಪಾದಯ್ಯನವರು ಸ್ವಲ್ಪ ಹೊತ್ತು ಮಗಳನ್ನು ನೋಡಿ, ತಾಯಿಯ ಕಡೆ ತಿರುಗಿದರು. “ವರ್ಷಾ ಸೀರಿ ಬರತಿತ್ತಂದ್ರ, ಬಿಟ್ಟಾರ ಅಂತ ಹೆಂಗ ವಾದಾ ಮಾಡಲಿ? ಅರ್ಜಿ ಇಲ್ಲೇ ಬೀಳತೈತಿ. ಆ ಸೀರಿ ತಂದು ಕೊಡತಿದ್ದಾಂವ ಯಾರು ಶಂಕ್ರವ್ವಾ? ಅಂವನ್ನರ ನೋಡೂಣು.”

ಶಂಕ್ರೆವ್ವ ಜಮಖಾನೆಯ ಎಳೆಯೊಂದನ್ನು ಬೆರಳಿಗೆ ಸುತ್ತುತ್ತಿದ್ದಳು. “ಮೋಟಾರಿಗೆ ಹೊತ್ತಾತ್ರಿ,” ಎಂದಷ್ಟೇ ಹೇಳಿ ಎದ್ದಳು. ವಕೀಲರು ತಡೆಯಲಿಲ್ಲ. “ಗುರುವಾರ ಬರ್ರಿ,” ಎಂದರು.

ನಡುವಣ ಎರಡು ದಿನ ಶಂಕ್ರೆವ್ವ ಎಂದಿನಂತೆ ಹಿಂಡಿದಳು, ಹೆಪ್ಪು ಹಾಕಿದಳು, ಕಡೆದಳು. ಬಾಯಿ ಬಿಡದಿದ್ದರೆ ಮಗಳು ಜೀವಮಾನವೆಲ್ಲ ರೇವಪ್ಪನ ಹೆಂಡತಿಯೆಂಬ ಹೆಸರು ಹೊತ್ತು ಹಟ್ಟಿಯ ಸಗಣಿ ಬಾಚುತ್ತ ಇರಬೇಕು. ಬಾಯಿ ಬಿಟ್ಟರೆ ತಿಕೋಟಾದಲ್ಲಿ ತನ್ನ ಮಾತಿಗೆ ಬೆಲೆ ಇರುವುದಿಲ್ಲ. ಈ ಎರಡನ್ನು ತೂಗುವುದು ಆಕೆಗೆ ಕಷ್ಟವಾಗಲಿಲ್ಲ. ಮಾನವನ್ನು ಬಿಡಲು ಮೊದಲ ದಿನವೇ ಸಿದ್ಧಳಾಗಿದ್ದಳು. ಕಷ್ಟವಾದದ್ದು ಬೇರೆ. ‘ನಮ್ಮವ್ವ ಹಂಗ ಕಲಿಸಿಲ್ಲ’ ಎಂದವಳ ಮುಂದೆ ನಿಂತು, ಐದು ವರ್ಷ ನೀನು ಯಾರ ದಾರಿ ಕಾದೆಯೋ ಅವರು ಒಮ್ಮೆಯೂ ನಿನ್ನನ್ನು ನೆನೆಯಲಿಲ್ಲ ಎಂದು ಹೇಳಬೇಕಾಗಿತ್ತು.

ನವೆಂಬರ್ 25, ಗುರುವಾರ, ಮೋಟಾರು ಇಳಿದ ಮೇಲೆ ಆಕೆ ವಕೀಲರ ಮನೆಯ ಕಡೆ ತಿರುಗದೆ ಇಬ್ರಾಹಿಂಪುರದ ಹಾದಿ ಹಿಡಿದಳು. ಯಾಕೆಂದು ಗುರುಬಾಯಿ ಕೇಳಿದರೂ ಹೇಳಲಿಲ್ಲ. ಫಕ್ರುದ್ದೀನ ಅಂಗಳದಲ್ಲಿ ಸೀರೆಗಳನ್ನು ಮಡಿಕೆ ಹಾಕುತ್ತಿದ್ದ. ಅವನ ಹೆಂಡತಿ ಮುಮತಾಜ ಅಕ್ಕಿ ಆರಿಸುತ್ತಿದ್ದಳು. ಶಂಕ್ರೆವ್ವನ ಹಿಂದೆ ಮಗಳನ್ನು ಕಂಡು ಫಕ್ರುದ್ದೀನ ಕೈ ನಿಲ್ಲಿಸಿದ.

“ಏನ್ ಅಕ್ಕಾರ, ಹಬ್ಬ ಹೋಗಿ ಮೂರ ತಿಂಗಳಾತು,” ಎಂದು ಎಚ್ಚರದಿಂದ ಅಂದ.

“ಹೊಟ್ಟ್ಯಾಗ ಇರ್ಲಿ ಅಂದಿದ್ದ ಮಾತ ವಾಪಸ್ ತಗೊಂಡೀನಿ ತಮ್ಮಾ,” ಎಂದಳು ಶಂಕ್ರೆವ್ವ. “ಹೇಳೂದನ್ನ ನಾನ ಹೇಳ್ತೀನಿ. ತಪ್ಪಿದ್ರ ತಿದ್ದು.”

ಅಲ್ಲಿಯೇ ಅಂಗಳದಲ್ಲಿ ನಿಂತು ಆಕೆ ಹೇಳಿದಳು. ಜೋಕಾಲಿಯ ದಿನದಿಂದ ಹಿಡಿದು ಒಂದೊಂದು ವರ್ಷದ ಸೀರೆಯನ್ನೂ ಅದರ ಬಣ್ಣ ಸಹಿತ ಹೇಳಿದಳು. ಗುರುಬಾಯಿ ಅಳಲಿಲ್ಲ, ನಡುವೆ ಬಾಯಿ ಹಾಕಲಿಲ್ಲ. ಮೂರನೆಯ ವರ್ಷಕ್ಕೆ ಬಂದಾಗ ಮಾತ್ರ ಮುಮತಾಜ ಮೊರ ಕೆಳಗಿಟ್ಟಳು.

“ಆ ವರ್ಷ ಎಲ್ಲೂ ಸೀರಿ ಸಿಗತಿದ್ದಿಲ್ಲವ್ವ,” ಎಂದಳು ಆಕೆ ಗುರುಬಾಯಿಗೆ. “ಲಡಾಯಿ, ಕಂಟ್ರೋಲು. ನಿಮ್ಮವ್ವ ಬಂದು ಈ ಕಟ್ಟಿ ಮ್ಯಾಲ ಕುಂತಳು, ಏಳವಲ್ಲಳು. ನನ್ನ ಶಾದಿಗೆ ಕೊಟ್ಟ ಇಳಕಲ್ ಸೀರಿ ಒಂದು ಉಡದ ಪೆಟಿಗ್ಯಾಗ ಇತ್ತು. ಸೆರಗಿನ ಹತ್ರ ಇಲಿ ಕಡದಿತ್ತು. ನಾನ ರಫೂ ಮಾಡಿ ಕೊಟ್ಟೆ. ಹಸರ ದಾರ ಮುಗದಿತ್ತು ನೋಡು, ನೀಲಿ ಹಾಕಿದ್ದೆ.”

“ಸೆರಗಿನ ಒಳಮಗ್ಗಲ, ಎರಡ ಬೆರಳಷ್ಟು,” ಎಂದಳು ಗುರುಬಾಯಿ.

ಶಂಕ್ರೆವ್ವ ಬೆಚ್ಚಿ ನೋಡಿದಳು. ಆ ಸೀರೆಗೆ ರಫೂ ಹಾಕಿದ್ದನ್ನು ಮಗಳು ಕಂಡಿಲ್ಲವೆಂದೇ ಆಕೆ ತಿಳಿದಿದ್ದಳು.

“ಮೊದಲನೇ ದಿವಸನ ಕಂಡಿದ್ದೆ,” ಎಂದಳು ಗುರುಬಾಯಿ. “ಹೊಲಿದ ಸೀರಿ ಕಳಿಸ್ಯಾರಲ್ಲಾ, ನನ್ನ ಬೆಲಿ ಅವರಿಗೆ ಇಷ್ಟೇ ಏನು ಅನಿಸ್ತು. ನಿನಗ ಗೊತ್ತಾದ್ರ ಸಂಕಟ ಆಗತೈತಂತ ಆ ಮಗ್ಗಲ ಒಳಗ ಮಾಡಿ ಉಟಗೊಂಡೆ. ಮೂರ ವರ್ಷ ಹಂಗ ಉಟಗೊಂಡೀನಿ.”

ಹಳಿಯ ಮೇಲೆ ಸೊಲ್ಲಾಪುರದ ಗಾಡಿ ಹೋಯಿತು. ಅದರ ಸದ್ದು ಅಡಗಿದ ಮೇಲೆ ಗುರುಬಾಯಿ ತಾಯಿಯನ್ನು ನೇರವಾಗಿ ನೋಡಿ ಕೇಳಿದಳು: “ಹಂಗಾರ ಐದ ವರ್ಷ ನಾ ಯಾರ ದಾರಿ ನೋಡಿದೆ?”

ವಕೀಲರ ಮನೆಯವರೆಗೆ ಮಗಳು ನಾಲ್ಕು ಹೆಜ್ಜೆ ಮುಂದೆ ನಡೆದಳು. ತಾಯಿ ಆ ನಾಲ್ಕು ಹೆಜ್ಜೆಯನ್ನು ಕೂಡಿಕೊಳ್ಳಲು ಯತ್ನಿಸಲಿಲ್ಲ.

ಗುರುಪಾದಯ್ಯನವರು ಎಲ್ಲವನ್ನೂ ಕೇಳಿ, ಫಕ್ರುದ್ದೀನನ ಹೆಸರನ್ನು ಸಾಕ್ಷಿಗಳ ಯಾದಿಗೆ ಸೇರಿಸಿದರು. “ಸೋಮವಾರನ ನನಗ ಅನಿಸಿತ್ತು,” ಎಂದರು. “ಆದ್ರ ನಾ ಹೇಳಿಸಿದ್ರ ಅದು ವಕೀಲನ ಕಲ್ಪನೆ ಆಗತಿತ್ತು. ಆ ರಫೂ ಹಾಕಿದ ಸೀರಿ ಐತೇನು ಮನ್ಯಾಗ?”

“ಐತ್ರಿ,” ಎಂದಳು ಗುರುಬಾಯಿ.

ಸಾಕ್ಷಿಯ ವಿಚಾರಣೆ ನಡೆದದ್ದು 1949ನೆಯ ಇಸವಿ ಜನವರಿ 18, ಮಂಗಳವಾರ. ಮೊದಲು ಗುರುಬಾಯಿ ತಾನು ನಂಬಿದ್ದನ್ನೂ ಆಮೇಲೆ ತಿಳಿದದ್ದನ್ನೂ ಬೇರೆ ಬೇರೆಯಾಗಿ ಹೇಳಿದಳು. ನಂತರ ಶಂಕ್ರೆವ್ವ ಕಟಕಟೆ ಏರಿದಳು. ಹಿಂದಿನ ಬೆಂಚುಗಳಲ್ಲಿ ತಿಕೋಟಾದ ಏಳೆಂಟು ಮಂದಿ ಗಂಡಸರು ಕುಳಿತಿದ್ದರು. ಗೊಲ್ಲಾಳಪ್ಪ ತನ್ನ ರುಮಾಲನ್ನು ತೊಡೆಯ ಮೇಲಿಟ್ಟುಕೊಂಡು ನೆಲ ನೋಡುತ್ತಿದ್ದ. ಆಕೆ ಎಲ್ಲವನ್ನೂ ಹೇಳಿ ಮುಗಿಸಿದ ಮೇಲೆ ಎದುರುಪಕ್ಷದ ವಕೀಲ ಎದ್ದ.

“ಆವಾಗ ಹೇಳಿದ್ದು ಸುಳ್ಳೋ, ಈಗ ಹೇಳೂದು ಸುಳ್ಳೋ?”

“ಆವಾಗಿಂದು ಸುಳ್ಳರಿ.”

“ಐದ ವರ್ಷ ಊರಿಗೂರ ನಂಬಿಸಿದಾಕಿ, ಇವತ್ತ ಖರೇ ಹೇಳಾಕತ್ತಿ ಅಂತ ಕೋರ್ಟು ಹೆಂಗ ನಂಬಬೇಕು?”

“ಅದು ಸಾಹೇಬ್ರಿಗೆ ಬಿಟ್ಟದ್ದರಿ. ಆ ಸುಳ್ಳ ನಾ ಹೇಳಿದ್ದು ಓಣ್ಯಾಗ ನನ್ನ ಮಾನ ಉಳೀಲಿ ಅಂತ. ಅದನ್ನ ಈಗ ಇಲ್ಲಿ ಇಟ್ಟ ಹೊಂಟೀನಿ.”

“ಮಗಳ ಬಿಡುಗಡಿ ಸಿಗತೈತಲ್ಲ? ಅದೇನ ಸಣ್ಣ ಲಾಭ?”

ಆಕೆ ಮಗಳ ಕಡೆ ನೋಡಿದಳು. ಫಕ್ರುದ್ದೀನ ಬಂದು ಐದೂ ಸೀರೆ ತನ್ನ ಮನೆಯಿಂದಲೇ ಹೋದದ್ದು ಹೌದೆಂದ. ಆದರೆ ಬೆಣ್ಣೆ ಮಾರುವವಳಿಗೂ ಸೀರೆ ಮಾರುವವನಿಗೂ ಸ್ನೇಹವಿರುವುದು ಸಹಜವೇ ಎಂದು ಎದುರುಪಕ್ಷದ ವಕೀಲ ಅವನನ್ನು ಬೇಗ ಇಳಿಸಿದ. ಬಳಿಕ ತನ್ನ ಸಾಕ್ಷಿಯಾಗಿ ತಾಯವ್ವನನ್ನು ಕರೆಸಿದ.

ಅಲ್ಲಿಯತನಕ ಹೊರಗಿನ ಪಡಸಾಲೆಯಲ್ಲಿ ಕುಳಿತಿದ್ದ ತಾಯವ್ವನಿಗೆ ಒಳಗೆ ನಡೆದದ್ದು ಗೊತ್ತಿರಲಿಲ್ಲ. ಕೋರ್ಟಿನ ಸಮನ್ಸಿಗೆ ಹೆದರಿ ಬಂದಿದ್ದಳು. ಓಣಿಯ ಹೆಣ್ಣುಮಗಳ ವಿರುದ್ಧ ನಿಲ್ಲಬೇಕಾಯಿತೆಂಬ ಸಂಕಟವೂ ಇತ್ತು. ಪಂಚಮಿಗೆ ಸೀರೆ ಬರುತ್ತಿದ್ದವೇ ಎಂದು ಕೇಳಿದಾಗ, ಬರುತ್ತಿದ್ದವೆಂದಳು. ತಂದವನನ್ನು ನೋಡಿದ್ದೀಯಾ ಎಂದು ಗುರುಪಾದಯ್ಯನವರು ಕೇಳಿದರು.

“ನೋಡಿಲ್ರಿ. ಶಂಕ್ರವ್ವ ಹೇಳಿದ್ಳು.”

“ಆಕಿ ಹೇಳಿದ್ದು ಸುಳ್ಳಿರಬಹುದಲ್ಲ?”

“ಅಯ್ಯ, ಬಿಡ್ರಿ,” ಎಂದಳು ತಾಯವ್ವ, ಕೋರ್ಟಿನ ಭಯವನ್ನೂ ಮರೆತು. “ಆಕಿ ಸುಳ್ಳ ಹೇಳಿದ್ರ ನಮ್ಮೂರಾಗ ಖರೇ ಹೇಳವ್ರ ಯಾರೂ ಇಲ್ಲಂತ ತಿಳೀರಿ.”

ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿದರು. ಶಂಕ್ರೆವ್ವ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ವಕೀಲನ ಪ್ರಶ್ನೆ ಚುಚ್ಚದಷ್ಟು ಈ ಹೊಗಳಿಕೆ ಚುಚ್ಚಿತು.

ಕೊನೆಗೆ ಶಿವಶರಣಪ್ಪ ಬಂದ. ಮಗ ರೇವಪ್ಪ ಸೊಲ್ಲಾಪುರದಿಂದ ಬಂದಿದ್ದರೂ ತಂದೆಯೇ ಮಾತಾಡಲೆಂದು ಬಿಟ್ಟಿದ್ದ. ಸೀರೆಗಳನ್ನು ತನ್ನ ಹೆಂಡತಿಯೇ ಕಳಿಸುತ್ತಿದ್ದಳೆಂದೂ, ಆಕೆಯ ಕೈ ದೊಡ್ಡದೆಂದೂ ಆತ ಪ್ರಮಾಣದ ಮೇಲೆ ಹೇಳಿದ. ಗುರುಪಾದಯ್ಯನವರು ಮೇಜಿನ ಮೇಲಿದ್ದ ಹಸಿರು ಇಳಕಲ್ ಸೀರೆಯನ್ನು ಬಿಚ್ಚಿ, ಸೆರಗನ್ನು ಮಗುಚಿ ಅವನ ಮುಂದೆ ಹಿಡಿದರು.

“ಇದು 1945ರ ಪಂಚಮಿದು. ನಿಮ್ಮ ಮನ್ಯಾರು ಕಳಿಸಿದ್ದ ಹೌದಲ್ಲ?”

ಶಿವಶರಣಪ್ಪ ಕಣ್ಣು ಕಿರಿದು ಮಾಡಿ ನೀಲಿ ದಾರದ ರಫೂವನ್ನು ನೋಡಿದ. ಅವನ ಕಿವಿ ಕೆಂಪಾದವು.

“ಏನ್ರಿ ಇದು? ಇಲಿ ಕಡದ ಸೀರಿ ಹೊಲದು ಸೊಸಿಗೆ ಕಳಸೂ ಮನಿ ಅನಕೊಂಡ್ರೇನು ನಮ್ಮದು? ನಮ್ಮಾಕಿ ಸತ್ತಾಳ, ಆಕಿಗೆ ಹಿಂಥಾ ಹೆಸರ ಹಚ್ಚಬ್ಯಾಡ್ರಿ. ಇದು ನಮ್ಮ ಮನೀದಲ್ಲ.”

“ಖಾತ್ರಿ?”

“ಬಸವಣ್ಣನ ಆಣಿ. ನಮ್ಮದಲ್ಲ.”

ಅವನ ವಕೀಲ ಏನನ್ನೋ ಹೇಳಲು ಎದ್ದ. ನ್ಯಾಯಾಧೀಶರು ಕೈಸನ್ನೆಯಿಂದ ಕೂಡಿಸಿದರು. ಅವರೇ ನಿಧಾನವಾಗಿ ಕೇಳಿದರು: ಉಳಿದ ನಾಲ್ಕು ಸೀರೆಗಳಲ್ಲಿ ಯಾವುದನ್ನಾದರೂ ತರುವುದನ್ನು, ಕಳಿಸುವುದನ್ನು ನೀವು ಕಂಡದ್ದುಂಟೇ? ಶಿವಶರಣಪ್ಪ ಮತ್ತೊಮ್ಮೆ ಸೀರೆಯ ಕಡೆ ನೋಡಿದ. ಸಂತೆಯಲ್ಲಿ ಕೇಳಿದ ಹೊಗಳಿಕೆಗಳ ಹೊರತು ಅವನ ಬಳಿ ಬೇರೇನೂ ಇರಲಿಲ್ಲವೆಂಬುದು ಅವನಿಗೂ ಆಗಲೇ ತಿಳಿದಂತಿತ್ತು.

“ಇಲ್ರಿ,” ಎಂದ. “ಮಂದಿ ಅಂತಿದ್ರು.”

ತೀರ್ಪು ಬಂದದ್ದು ಫೆಬ್ರುವರಿ 11, ಶುಕ್ರವಾರ. ಇಂಗ್ಲಿಷಿನಲ್ಲಿ ಓದಿದ್ದನ್ನು ಗುರುಪಾದಯ್ಯನವರು ಪಡಸಾಲೆಗೆ ಬಂದು ಕನ್ನಡದಲ್ಲಿ ಹೇಳಿದರು. ಯಾವ ಸೀರೆಯೂ ಬಬಲೇಶ್ವರದಿಂದ ಬಂದದ್ದು ಸಿದ್ಧವಾಗಿಲ್ಲ, 1943ರ ಮಾರ್ಚ್ 9ರಿಂದ ಅರ್ಜಿಯ ದಿನದವರೆಗೆ ಐದು ವರ್ಷ, ನಾಲ್ಕು ತಿಂಗಳು, ಮೂರು ದಿನ ಗಂಡ ಹೆಂಡತಿಯನ್ನು ಕೈಬಿಟ್ಟದ್ದು ಸಿದ್ಧವಾಗಿದೆ, ಗುರುಬಾಯಿಗೆ ಬಿಡುಗಡೆ. ಗೊಲ್ಲಾಳಪ್ಪ ಎರಡೂ ಕೈ ಎತ್ತಿ ವಕೀಲರಿಗೆ ಮುಗಿದ. ಗುರುಬಾಯಿ ಆ ಲೆಕ್ಕವನ್ನು ಇನ್ನೊಮ್ಮೆ ಹೇಳಿಸಿ ಕೇಳಿದಳು.

ಮೆಟ್ಟಿಲಿಳಿಯುವಾಗ ಶಿವಶರಣಪ್ಪ ಎದುರಾದ. ಅಭ್ಯಾಸಬಲದಿಂದ ಗುರುಬಾಯಿ ಸೆರಗು ಸರಿಪಡಿಸಿಕೊಂಡು ಬದಿಗೆ ಸರಿದಳು. ಆತ ದಾಟಿ ಹೋದವನು ಎರಡು ಮೆಟ್ಟಿಲು ಕೆಳಗೆ ನಿಂತು, ಅರ್ಧ ತಿರುಗಿ ಕೇಳಿದ.

“ಅದನ್ನ ಉಟಗೊಂಡಿದ್ಯಾ ಏನವ್ವ, ಆ ಸೀರಿ?”

“ಉಟಗೊಂಡಿದ್ನಿರಿ. ನಿಮ್ಮ ಮನೀದು ಅಂತ ತಿಳಿದು ಉಟಗೊಂಡಿದ್ದೆ.”

ಶಿವಶರಣಪ್ಪ ಕೋಲನ್ನು ಈ ಕೈಯಿಂದ ಆ ಕೈಗೆ ತೆಗೆದುಕೊಂಡ. “ನಮ್ಮಾಕಿ ಕಳಿಸಿದ್ರ ಹೊಸಾದ ಕಳಸತಿದ್ಳು,” ಎಂದ. ಸ್ವಲ್ಪ ತಡೆದು, “ಕಳಿಸಿದ್ರ,” ಎಂದು ಮತ್ತೆ ಅಂದು, ಬಬಲೇಶ್ವರದ ಮೋಟಾರಿನ ಕಡೆ ನಡೆದುಹೋದ.

ಗೊಲ್ಲಾಳಪ್ಪ ಉತ್ಸಾಹದಲ್ಲಿದ್ದ. “ಹಂಗಾರ ಕಾಖಂಡಕಿಗೆ ಇವತ್ತ ಹೇಳಿ ಕಳಸಲೇನವ್ವ? ಪರಸಪ್ಪ ಹತ್ತ ತಿಂಗಳಿಂದ ದಾರಿ ನೋಡಾಕತ್ತಾನ.”

“ಅವಸರ ಬ್ಯಾಡ ದೊಡ್ಡಪ್ಪಾ,” ಎಂದಳು ಗುರುಬಾಯಿ. “ಒಮ್ಮಿ ಮನಿಗೆ ಬರಾಕ ಹೇಳ್ರಿ. ನಾನ ಕುಂತ ಮಾತಾಡ್ತೀನಿ. ಕೇಳೂದು ಭಾಳ ಐತಿ.”

ತಿಕೋಟಾದ ಮೋಟಾರು ಬರಲು ಹೊತ್ತಿತ್ತು. ತಾಯಿ-ಮಗಳು ನಿಲ್ದಾಣದ ಕಲ್ಲಿನ ಮೇಲೆ ಕುಳಿತರು. ಇಬ್ರಾಹಿಂಪುರದ ದಿನದಿಂದ ಅವರ ನಡುವೆ ಬೇಕಾದಷ್ಟೇ ಮಾತು ನಡೆದಿತ್ತು: ಹಿಂಡಿ ಹಾಕಿದೆಯಾ, ಉಪ್ಪು ತೀರಿದೆ, ಅಷ್ಟೇ. ಶಂಕ್ರೆವ್ವ ರಸ್ತೆ ನೋಡುತ್ತ, ಮಗಳ ಕಡೆ ತಿರುಗದೆ ಹೇಳಿದಳು.

“ಇಳಿದ ಕೂಡ್ಲೆ ಓಣ್ಯಾಗ ಕೇಳ್ತಾರ, ಏನಾತು ಅಂತ.”

“ಕೇಳ್ತಾರ.”

“ಏನ್ ಹೇಳ್ಲಿ?”

ಗುರುಬಾಯಿ ಕೋರ್ಟು ಮರಳಿಸಿದ ಸೀರೆಯ ಗಂಟನ್ನು ತೊಡೆಯಿಂದ ಇಳಿಸಿ ಪಕ್ಕಕ್ಕಿಟ್ಟು, ತಾಯಿಯ ಕಡೆಗೆ ಒಂದು ಗೇಣು ಸರಿದು ಕುಳಿತಳು.

“ನಿನ್ನ ಕೇಳಿದ್ರ,” ಎಂದಳು, “ನನ್ನ ಕಡಿ ಕಳಸು.”